ಅವ್ವ ಕೂತ ಸೀಟು

ಹಾರ್ಲೋದಿಂದ ಸೀಡರ್ ಫೋರ್ಡ್‌ಗೆ ಹೋಗುವ ಕರೆಂಟು ಗಾಡಿಯ ದಾರಿಗೆ ಮಣ್ಣು ಹೊತ್ತವರು ನಮ್ಮವರು. ನನ್ನ ಗಂಡ ಆಸ್ಬರಿ ಹೊತ್ತ. ಅವನ ಅಣ್ಣ ಹೊತ್ತ. ಜೌಗಿನಲ್ಲಿ ಸೊಂಟದ ತನಕ ನೀರಲ್ಲಿ ನಿಂತು ತಂತಿಯ ಕಂಬ ನೆಟ್ಟರು. ಅಣ್ಣ ಜ್ವರ ಬಂದು ಅಲ್ಲೇ ಸತ್ತ. ಅಲ್ಲೇ ಹೂತರು. ಗಾಡಿ ಈಗ ಅವನ ಮೇಲೆ ಓಡುತ್ತದೆಯೋ ಪಕ್ಕದಲ್ಲಿ ಓಡುತ್ತದೆಯೋ ನಮಗೆ ಗೊತ್ತಿಲ್ಲ. ಕಂಪನಿಗೂ ಗೊತ್ತಿಲ್ಲ.

ಕಂಪನಿ ಮೊದಲು ಇಷ್ಟು ದೊಡ್ಡದಿರಲಿಲ್ಲ. ನಾನು ಹುಡುಗಿಯಾಗಿದ್ದಾಗ ಹಾರ್ಲೋದ ಒಂದು ಬೀದಿಯಲ್ಲಿ ಹೇಸರಗತ್ತೆ ಎಳೆಯುವ ಟ್ರಾಮು ಇತ್ತು. ಅಷ್ಟೆ. ಕಾಸು ಕೊಟ್ಟವರು ಖಾಲಿ ಇದ್ದ ಕಡೆ ಕೂರುತ್ತಿದ್ದರು. ಆಮೇಲೆ ತಂತಿ ಬಂತು, ಹೇಸರಗತ್ತೆ ಹೋಯಿತು. ಕಂಪನಿ ಊರಾಚೆ ಒಂದು ಕೆರೆ ತೋಡಿಸಿತು. ದಡದಲ್ಲಿ ಬ್ಯಾಂಡು ಬಾರಿಸಲು ಮಂಟಪ ಕಟ್ಟಿಸಿತು. ಭಾನುವಾರ ಬಿಳಿಯರು ಅಲ್ಲಿಗೆ ಹೋಗಲಿ, ಗಾಡಿ ತುಂಬಲಿ ಅಂತ. ಕೆರೆ ತೋಡಿದವರೂ ನಮ್ಮವರೇ. ನೀರು ತುಂಬಿದ ಮೇಲೆ ದಡಕ್ಕೂ ಬಿಡಲಿಲ್ಲ. ಆಮೇಲೆ ಸೀಡರ್ ಫೋರ್ಡ್ ತನಕ ಹಳಿ ಹೋಯಿತು. ಊರಿಂದ ಊರಿಗೆ ಗುಡುಗುಟ್ಟಿಕೊಂಡು ಓಡುವ ದೊಡ್ಡ ಗಾಡಿಗಳು ಬಂದವು. ಅವುಗಳ ಹಿಂದೆಯೇ ಕಾನೂನೂ ಬಂತು. ಬಿಳಿಯರು ಮುಂದೆ, ಕರಿಯರು ಹಿಂದೆ.

ಹಿಂದೆ ಅಂದರೆ ಸಾಮಾನಿನ ಕೋಣೆ. ಮಧ್ಯೆ ಒಂದು ಗಾಜಿನ ಬಾಗಿಲು. ಆಚೆ ಬೆತ್ತದ ಸೀಟು, ಕಿಟಕಿಗೆ ಪರದೆ. ಈಚೆ ಹಾಲಿನ ಕ್ಯಾನು, ಕೋಳಿ ಪಂಜರ, ಐಸು, ಒಂದೊಂದು ದಿನ ಹೆಣದ ಪೆಟ್ಟಿಗೆ. ಗೋಡೆಗೆ ಒಂದು ಬೆಂಚು. ಸಾಮಾನು ಜಾಸ್ತಿಯಾದರೆ ಬೆಂಚಿನ ಮೇಲೂ ಸಾಮಾನು. ನಾವು ನಿಲ್ಲಬೇಕು. ಕಾಸು ಮಾತ್ರ ಎಲ್ಲರಿಗೂ ಒಂದೇ.

ಕಾನೂನಿನಲ್ಲಿ ಒಂದು ಸಂದಿ ಇತ್ತು. ಬಿಳಿ ಮಗುವನ್ನು ಎತ್ತಿಕೊಂಡ ಆಯಾ ಮುಂದೆ ಕೂರಬಹುದು. ಮಗು ಜೊತೆಗಿರುವ ತನಕ. ಮಗುವನ್ನು ಇಳಿಸಿದಳೋ, ಅವಳ ಜಾಗ ಮತ್ತೆ ಐಸಿನ ಪಕ್ಕ.

ನಾನು ಅಂಥ ಆಯಾ. ನನ್ನ ಹೆಸರು ಲುವೀನಿಯಾ. ಮನೆಯವರು ವೀನಿ ಅನ್ನುತ್ತಾರೆ. ರೆನ್ಫ್ರೋ ದಂಪತಿಗಳ ಮಗು ವೆಂಡಲ್‌ನನ್ನು ನೋಡಿಕೊಳ್ಳುತ್ತಿದ್ದೆ. ರೆನ್ಫ್ರೋ ಸಾಹೇಬರು ಟ್ರಾಮ್ ಕಂಪನಿಯ ಆಫೀಸಿನಲ್ಲಿ ಎರಡನೆಯ ದೊಡ್ಡ ಕುರ್ಚಿ. ಆಸ್ಬರಿ ಅದೇ ಕಂಪನಿಯ ಹಳಿ ಗ್ಯಾಂಗಿನಲ್ಲಿ. ನಾವಿದ್ದ ಮನೆ ಗಾಡಿ ನಿಲ್ಲಿಸುವ ಶೆಡ್ಡಿನ ಹಿಂದೆ. ಅದೂ ಕಂಪನಿಯದೇ. ಮಲಗಿದರೆ ಕಂಪನಿಯ ಗೋಡೆ, ಎದ್ದರೆ ಕಂಪನಿಯ ಗಂಟೆ. ಆಸ್ಬರಿ ರಾತ್ರಿ ಊಟಕ್ಕೆ ಕೂತಾಗ ಅಂಗೈಯ ಬೊಬ್ಬೆ ಒಡೆದು ರೊಟ್ಟಿಗೆ ರಕ್ತ ಹತ್ತುತ್ತಿತ್ತು. "ಇದೂ ಕಂಪನಿದೇ ಕಣೆ," ಅಂತ ನಗುತ್ತಿದ್ದ.

ಆ ವರ್ಷ ಆಗಸ್ಟಿನಲ್ಲಿ ರೆನ್ಫ್ರೋ ಅಮ್ಮಾವ್ರು ಮಗುವನ್ನು ಕರೆದುಕೊಂಡು ಸೀಡರ್ ಫೋರ್ಡ್‌ನ ತಮ್ಮ ತವರಿಗೆ ಹೋಗಿದ್ದರು. ಜೊತೆಗೆ ನಾನು. ಒಂದು ದಿನ ಹಾರ್ಲೋದಿಂದ ಅವರ ಅತ್ತೆ ಹೇಳಿ ಕಳಿಸಿದರು, ಮೊಮ್ಮಗನನ್ನು ನೋಡಬೇಕು ಅಂತ. ಅಮ್ಮಾವ್ರಿಗೆ ತಲೆನೋವು.

"ನೀನು ಬೆಳಗಿನ ಗಾಡಿಗೆ ಮಗೂನ ಕರ್ಕೊಂಡು ಹೋಗು," ಅಂದರು. "ನಾನು ಸಂಜೆ ಬರ್ತೀನಿ. ಬಿಸಿಲು ತಾಗಿಸ್ಬೇಡ. ಕಂಡಕಂಡೋರ ಕೈಗೆ ಕೊಡಬೇಡ. ಟೋಪಿ ಸರಿಯಾಗಿ ಹಾಕ್ಕೋ."

ಬಿಳಿ ಟೋಪಿ, ಬಿಳಿ ಏಪ್ರನ್. ಅದನ್ನು ಹಾಕಿದರೆ ನಾನು ಆಯಾ. ತೆಗೆದರೆ ಬರೀ ಕರಿ ಹೆಂಗಸು.

ಗಾಡಿಯ ಮುಂಭಾಗ ಅರ್ಧ ಖಾಲಿ. ದೊಡ್ಡ ಹ್ಯಾಟಿನ ಇಬ್ಬರು ಹೆಂಗಸರು, ಪೇಪರ್ ಓದುವ ಒಬ್ಬ ಗಂಡಸು, ತೂಕಡಿಸುವ ಒಬ್ಬ ಮುದುಕ. ನಾನು ಕಿಟಕಿ ಪಕ್ಕ ಕೂತೆ. ವೆಂಡಲ್ ನನ್ನ ತೊಡೆಯ ಮೇಲೆ ನಿಂತು ಗಾಜಿಗೆ ಮೂಗು ಒತ್ತಿದ. ಹ್ಯಾಟಿನವಳೊಬ್ಬಳು ಬಗ್ಗಿದಳು.

"ಯಾರ ಮಗು?"

"ರೆನ್ಫ್ರೋ ಸಾಹೇಬ್ರದು, ಅಮ್ಮಾವ್ರೆ."

"ಅಯ್ಯೋ, ಎಷ್ಟ್ ಮುದ್ದಾಗಿದೆ!" ಅಂದು ಬಿಸ್ಕತ್ತು ಕೊಟ್ಟಳು. ಮಗುವಿನ ಕೈಗೆ ಕೊಡುವಾಗ ಬೆರಳು ನನಗೆ ತಾಗದ ಹಾಗೆ ನೋಡಿಕೊಂಡಳು.

ಅರ್ಧ ದಾರಿಯಲ್ಲಿ ಪ್ರೂಯಿಟ್ ಅಂತ ಒಂದು ನಿಲ್ದಾಣ. ನಿಲ್ದಾಣ ಅಂದರೆ ಒಂದು ಹಲಗೆ, ಒಂದು ಕಂಬ. ಅದರ ಹಿಂದೆ ನಮ್ಮವರ ಗುಡಿಸಲು. ನನ್ನ ಅವ್ವ ಹೆಪ್ಸಿ ಅಲ್ಲಿದ್ದಳು. ಸುತ್ತಲ ಬಿಳಿಯರ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಗಾಡಿ ನಿಧಾನವಾದಾಗ ಅವಳೇನಾದರೂ ಕಾಣುತ್ತಾಳೋ ಅಂತ ಬಗ್ಗಿ ನೋಡಿದೆ. ಕಂಡಳು. ಪಕ್ಕದ ಗುಡಿಸಲಿನವನ ಹೆಗಲಿಗೆ ಜೋತುಬಿದ್ದು ನಿಂತಿದ್ದಳು. ಎಡಗಾಲಿಗೆ ಮಂಡಿಯ ತನಕ ಚಿಂದಿ ಸುತ್ತಿತ್ತು. ಚಿಂದಿ ಒದ್ದೆಯಾಗಿತ್ತು. ಇಬ್ಬರು ಸೇರಿ ಅವಳನ್ನು ಹಿಂದಿನ ಬಾಗಿಲಿಗೆ ಎತ್ತಿ ಹಾಕಿದರು.

ಗಾಜಿನ ಬಾಗಿಲಾಚೆ ನೋಡಿದೆ. ಆ ದಿನ ಸಾಮಾನಿನ ಕೋಣೆಯ ತುಂಬ ಪೀಚ್ ಹಣ್ಣಿನ ಪೆಟ್ಟಿಗೆ. ಬೆಂಚಿನ ಮೇಲೂ ಪೆಟ್ಟಿಗೆ. ನಮ್ಮ ಮೂರು ಜನ ಗಂಡಸರು ಗೋಡೆಗೆ ಅಂಟಿ ನಿಂತಿದ್ದರು. ಅವರಲ್ಲೊಬ್ಬ ಒಂದು ಪೆಟ್ಟಿಗೆಯ ಮೇಲೆ ಅವ್ವನನ್ನು ಕೂರಿಸಲು ಹೋದ. ಕಂಡಕ್ಟರ್ ಪರ್ಡಿ ಗದರಿದ.

"ಏಯ್! ಅದು ಬಾಡಿಗೆ ಕೊಟ್ಟ ಮಾಲು. ಹಣ್ಣು ಜಜ್ಜಿದ್ರೆ ನಿಮ್ಮಪ್ಪ ಕೊಡ್ತಾನಾ?"

ಅವ್ವ ಕಂಬಿ ಹಿಡಿದು ಒಂದೇ ಕಾಲಲ್ಲಿ ನಿಂತಳು. ಗಾಡಿ ಹೊರಟಿತು. ಜರ್ಕು ಹೊಡೆದಾಗ ಚಿಂದಿ ಸುತ್ತಿದ ಕಾಲು ನೆಲಕ್ಕೆ ತಾಗಿತು. ಅವಳ ಬಾಯಿ ತೆರೆಯಿತು. ಗಾಜಿನ ಈಚೆ ನನಗೆ ಸದ್ದು ಕೇಳಲಿಲ್ಲ.

ನನ್ನ ಪಕ್ಕದ ಸೀಟು ಖಾಲಿ. ಅದರ ಹಿಂದಿನದು ಖಾಲಿ. ಅದರ ಹಿಂದಿನದೂ.

ಪರ್ಡಿ ಟಿಕೆಟ್ಟಿಗೆ ಬಂದ.

"ಸಾಮಿ, ಹಿಂದೆ ನಿಂತಿರೋದು ನಮ್ಮವ್ವ," ಅಂದೆ. "ಕಾಲಿಗೆ ಏನೋ ಆಗದೆ. ಈ ಕೊನೇ ಸೀಟಲ್ಲಿ ಒಂಚೂರು ಕೂತ್ಕೊಳ್ಲಿ. ಯಾರಿಗೂ ತಾಗಲ್ಲ."

"ಕಾನೂನು ಗೊತ್ತಿಲ್ವಾ ನಿಂಗೆ?"

"ನಾನು ಕೂತಿದೀನಲ್ಲ ಸಾಮಿ."

"ನೀನು ಕೂತಿಲ್ಲ. ಮಗು ಕೂತಿದೆ. ನೀನು ಅದರ ಕುರ್ಚಿ."

ಹ್ಯಾಟಿನವರು ನಕ್ಕರು. ಪರ್ಡಿ ನಗಲಿಲ್ಲ. ಪೇಪರ್ ಓದುವವನ ಕಡೆ ಕಳ್ಳನೋಟ ಹಾಕಿ, ದನಿ ತಗ್ಗಿಸಿದ.

"ಅವನು ಕಂಪನಿಯ ತಪಾಸಣೆಯವನಿರಬಹುದು. ನನ್ನ ಕೆಲಸ ಕಳೀಬೇಡ. ಸುಮ್ನೆ ಕೂತ್ಕೋ."

ನಾನು ಸುಮ್ಮನೆ ಕೂತೆ. ಒಂದು ತಿರುವಿನ ತನಕ ಕೂತೆ. ತಿರುವಿನಲ್ಲಿ ಅವ್ವ ಬಿದ್ದಳು.

ವೆಂಡಲ್‌ನನ್ನು ಎತ್ತಿಕೊಂಡು ಗಾಜಿನ ಬಾಗಿಲು ತಳ್ಳಿದೆ. ಸಾಮಾನಿನ ಕೋಣೆಯಲ್ಲಿ ಕೊಳೆತ ಹಣ್ಣಿನ ವಾಸನೆ, ಅವ್ವನ ಕಾಲಿನ ವಾಸನೆ. ಅವ್ವ ಐಸಿನ ಗೋಣಿಯ ಮೇಲೆ ಬಿದ್ದಿದ್ದಳು. ಬಗ್ಗಿ ಅವಳ ತೋಳು ಹಿಡಿದೆ.

"ಏನಾಯ್ತವ್ವ?"

"ಬಟ್ಟೆ ಕುದ್ಸೋ ಸೋಡಾ ನೀರಿನ ಹಂಡೆ ಕಾಲ್ಮೇಲೆ ಮಗುಚ್ಕೊಂತು ಕಣೆ. ಮೊನ್ನೆ. ಹಾರ್ಲೋದಾಗೆ ನಮ್ಮೋರ ಡಾಕ್ಟ್ರು ಅವನಂತಲ್ಲ, ಅಲ್ಲಿಗೆ ಹೊಂಟಿದ್ದೆ." ಆಮೇಲೆ ಮಗುವನ್ನು ಕಂಡಳು. "ಈ ಕೂಸ್ನ ಯಾಕೆ ಇಲ್ಲಿಗೆ ತಂದೆ? ವೋಗು ಮುಂದಕ್ಕೆ."

ಹಿಂದೆಯೇ ಪರ್ಡಿ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಏ, ಮಗೂನ ಇಲ್ಲಿಗೆ ತರಂಗಿಲ್ಲ! ಬಿಳಿ ಮಗು ಕರಿಯರ ಕೋಣೇಲಿ ಇರಂಗಿಲ್ಲ. ನಡಿ ಮುಂದೆ!"

"ಅವ್ವನ ಬಿಟ್ಟು ಬರಲ್ಲ ಸಾಮಿ."

"ಹಂಗಾದ್ರೆ ಮಗೂನ ಮುಂದೆ ಬಿಟ್ಟು ಬಾ."

"ಯಾರ ಹತ್ರ ಬಿಡ್ಲಿ?"

ಮುಂದೆ ಹೋದರೆ ಅವ್ವ ಇಲ್ಲ. ಹಿಂದೆ ನಿಂತರೆ ಮಗು ಇರಬಾರದು. ಗಾಡಿ ಓಡುತ್ತಿತ್ತು. ಗಾಡಿಯಲ್ಲಿ ನಾನು ನಿಲ್ಲುವ ಜಾಗ ಎಲ್ಲೂ ಇರಲಿಲ್ಲ, ಆ ಬಾಗಿಲ ಹೊಸ್ತಿಲು ಬಿಟ್ಟು.

ನನಗೆ ಸಿಟ್ಟು ಬಂದದ್ದು ಆಗ. ಅಲ್ಲಿಯ ತನಕ ಭಯವೇ ಇತ್ತು. ಅವ್ವನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದೆ. ನಮ್ಮ ಗಂಡಸರಲ್ಲೊಬ್ಬ ಇನ್ನೊಂದು ಕಡೆ ಹಿಡಿದ. ಹೊಸ್ತಿಲ ತನಕ ಹಿಡಿದ, ಅಲ್ಲಿ ಕೈ ಬಿಟ್ಟ. ಅವನನ್ನು ಬೈಯಲಾರೆ. ಅವ್ವನನ್ನು ಎಳೆದುಕೊಂಡು ಹೋಗಿ ಕೊನೆಯ ಬೆತ್ತದ ಸೀಟಿನಲ್ಲಿ ಕೂರಿಸಿದೆ. ವೆಂಡಲ್‌ನನ್ನು ಅವಳ ಮಡಿಲಲ್ಲಿಟ್ಟೆ. ನನ್ನ ಟೋಪಿ ಬಿಚ್ಚಿ ಅವಳ ನರೆಗೂದಲ ಮೇಲೆ ಹಾಕಿದೆ.

"ಈಗ ಇವಳು ಆಯಾ," ಅಂದೆ. "ಬಿಳಿ ಮಗು ಎತ್ಕೊಂಡವಳೆ. ಕೂರಬೌದು. ನಾನು ಹಿಂದೆ ನಿಂತ್ಕೋತೀನಿ. ನಿಮ್ ಕಾನೂನು ನೆಟ್ಟಗದೆ ಅಲ್ವಾ ಸಾಮಿ?"

ವೆಂಡಲ್ ಅವ್ವನ ಗಲ್ಲ ಹಿಡಿದು ನೋಡಿದ. ಅವಳು ನಾಲಿಗೆಯಲ್ಲಿ ಲೊಟ್ಟೆ ಹೊಡೆದಳು. ಅವನು ನಕ್ಕ.

ಬಿಸ್ಕತ್ತು ಕೊಟ್ಟವಳು ಎದ್ದು ಕಿರುಚಿದಳು. "ಕಂಡಕ್ಟರ್! ಆ ಮುದುಕಿ ಕಾಲು ನಾರ್ತಾ ಇದೆ! ರೆನ್ಫ್ರೋ ಮಗೂನ ಅವಳ ಕೈಲಿ ಕೊಟ್ಟಿದಾಳೆ!" ಪೇಪರಿನವನು ಪೇಪರು ಮಡಿಸಿದ. ತೂಕಡಿಸುತ್ತಿದ್ದ ಮುದುಕ ಎಚ್ಚರಾಗಿ, "ಏನು, ಹಾರ್ಲೋ ಬಂತಾ?" ಅಂದ.

ಪರ್ಡಿ ಹಗ್ಗ ಎಳೆದ. ಗಂಟೆ ಹೊಡೆಯಿತು. ಗಾಡಿ ನಿಂತಿತು. ಎರಡೂ ಕಡೆ ಬರೀ ಪೈನ್ ಮರ, ಬಿಸಿಲು.

"ಇಳೀರಿ!"

"ಮಗು?" ಅಂದೆ.

"ಮಗು ಇಲ್ಲೇ ಇರುತ್ತೆ. ಅಮ್ಮಾವ್ರೆ, ಸ್ವಲ್ಪ ಹಿಡ್ಕೋತೀರಾ?"

ಹ್ಯಾಟಿನವಳು ಬಂದು ವೆಂಡಲ್‌ನನ್ನು ಎತ್ತಿಕೊಂಡಳು. ಅವನು ಒಂದು ಗಳಿಗೆ ಅವಳನ್ನು ನೋಡಿದ. ಆಮೇಲೆ ಕಿಟಾರನೆ ಕಿರುಚಿ, ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಹ್ಯಾಟು ಕಿತ್ತೆಸೆದು, ಬಿಸ್ಕತ್ತನ್ನೆಲ್ಲ ಅವಳ ರವಿಕೆಯ ಮೇಲೆ ಕಕ್ಕಿದ. ಅವಳು ಅವನನ್ನು ಬೆಂಕಿ ಹಿಡಿದವಳಂತೆ ನನ್ನ ಕಡೆ ಚಾಚಿದಳು. "ತಗೋ! ತಗೋ!"

ತಗೊಂಡೆ. ಅವನು ನನ್ನ ಕತ್ತಿಗೆ ಮುಖ ಒತ್ತಿ ಬಿಕ್ಕಿದ.

ಮುಂದಿನಿಂದ ಡ್ರೈವರ್ ಕಾಲಲ್ಲಿ ತುಳಿದು ಗಂಟೆ ಬಾರಿಸತೊಡಗಿದ. ಒಂದೇ ಹಳಿ. ಎದುರಿಂದ ಬರುವ ಗಾಡಿ ಮುಂದೆ ಎಲ್ಲೋ, ಗಾಡಿಗಳು ಒಂದನ್ನೊಂದು ದಾಟುವ ಜೋಡಿ ಹಳಿಯಲ್ಲಿ, ಈ ಗಾಡಿಗಾಗಿ ಕಾಯುತ್ತಿತ್ತು. ಪರ್ಡಿ ಗಡಿಯಾರ ತೆಗೆದು ನೋಡಿದ. ಬೆವರು ಒರೆಸಿಕೊಂಡ.

"ಕೇಳಿಲ್ಲಿ," ಅಂದ. "ನೀನು ಮಗು ಎತ್ಕೊಂಡು ನಿನ್ ಸೀಟಲ್ಲಿ ಕೂತ್ಕೋ. ಏನೂ ಆಗಿಲ್ಲ ಅನ್ಕೋತೀನಿ. ಮುದುಕಿ ಇಳೀಲಿ. ಮುಂದಿನ ಗಾಡಿಗೆ ಬರ್ತಾಳೆ."

"ಈ ಕಾಡಲ್ಲಿ?"

"ಇಳೀಲಿ ಅಂದೆ."

ಅವ್ವ ಟೋಪಿ ತೆಗೆದು ನನಗೆ ಕೊಟ್ಟಳು. "ನೀ ಕೂತ್ಕೋ ಮಗ. ನಾನಿಳೀತೀನಿ. ಆಸ್ಬರಿ ಕೆಲ್ಸ ನೋಡ್ಕೋ. ಮನೆ ನೋಡ್ಕೋ."

ಎಲ್ಲ ನೋಡಿದೆ. ಕೆಲಸ ಕಂಡಿತು, ಮನೆ ಕಂಡಿತು. ಅವ್ವನ ಕಾಲೂ ಕಂಡಿತು.

"ಇಬ್ರೂ ಇಳೀತೀವಿ," ಅಂದೆ.

ಗಾಡಿ ಹೊರಟುಹೋಯಿತು. ಸಾಮಾನಿನ ಕೋಣೆಯ ಬಾಗಿಲಲ್ಲಿ ನಮ್ಮ ಮೂರು ಗಂಡಸರು ಟೋಪಿ ಕೈಯಲ್ಲಿ ಹಿಡಿದು, ಸಣ್ಣಗಾಗುವ ತನಕ ನಮ್ಮನ್ನೇ ನೋಡುತ್ತಿದ್ದರು.

ಏಪ್ರನ್ ಬಿಚ್ಚಿ ವೆಂಡಲ್‌ನನ್ನು ಎದೆಗೆ ಕಟ್ಟಿಕೊಂಡೆ. ಟೋಪಿಯನ್ನು ಅವನ ತಲೆಗೆ ಹಾಕಿದೆ, ಬಿಸಿಲಿಗೆ. ಅವ್ವನನ್ನು ಬೆನ್ನಿಗೆ ಹಾಕಿಕೊಂಡೆ. ಹಳಿಗಳ ಕೆಳಗೆ ಅಡ್ಡ ಹಾಸಿದ ಮರದ ಸ್ಲೀಪರಿನಿಂದ ಸ್ಲೀಪರಿಗೆ ಕಾಲಿಟ್ಟು ನಡೆದೆ. ಸ್ಲೀಪರುಗಳ ಅಂತರ ನಡೆಯುವವರ ಕಾಲಿಗೆ ಹೊಂದುವಂಥದ್ದಲ್ಲ. ಒಂದು ಹೆಜ್ಜೆ ಮರದ ಮೇಲೆ, ಒಂದು ಹೆಜ್ಜೆ ಜಲ್ಲಿಯ ಮೇಲೆ. ಜಲ್ಲಿ ಜಾರುತ್ತದೆ. ಬಿಸಿಲಿಗೆ ಮರದ ಡಾಂಬರು ಕರಗಿ ಚಪ್ಪಲಿ ಹಿಡಿಯುತ್ತದೆ. ಎದೆಯ ಮೇಲೆ ಒಂದು ಜೀವ, ಬೆನ್ನ ಮೇಲೆ ಒಂದು ಜೀವ. ಮಗುವಿನ ಮೂತ್ರ ಹೊಟ್ಟೆಗಿಳಿಯಿತು. ಅವ್ವನ ಕಾಲಿನ ಕೀವು ನನ್ನ ಲಂಗಕ್ಕೆ ಹತ್ತಿತು. ಬಾಯಿಗೆ ಬೆವರು.

"ನನ್ನ ಇಲ್ಲೇ ಬುಡೆ," ಅಂದಳು ಅವ್ವ.

"ಮಾತಾಡಬ್ಯಾಡವ್ವ. ಮಾತಾಡಿದ್ರೆ ಭಾರ ಆಯ್ತೀಯ."

ಒಂದು ಸಲ ಬಿದ್ದೆ. ಮಗುವನ್ನು ಕಾಯಲು ಹೋಗಿ ಎರಡೂ ಮಂಡಿ ಜಲ್ಲಿಗೆ ಕೊಟ್ಟೆ. ಎದ್ದೆ. ಇನ್ನೊಂದು ಸಲ ಬಿದ್ದಾಗ ಅವ್ವ ಅತ್ತಳು. ನಾನು ಅಳಲಿಲ್ಲ, ಅಳಲು ಉಸಿರು ಬೇಕು. ವೆಂಡಲ್ ನಿದ್ದೆ ಹೋಗಿದ್ದ.

ದೊಡ್ಡ ತಿರುವು ಕಳೆದಾಗ ಗ್ಯಾಂಗಿನವರು ಕಂಡರು. ಹತ್ತು ಹನ್ನೆರಡು ಜನ ಹಾರೆ ಹಾಕಿ ಹಳಿ ಎತ್ತುತ್ತಿದ್ದರು. ನಮ್ಮ ಆಸ್ಬರಿ ಮೊದಲು ನೋಡಿದ. ಹಾರೆ ಬಿಸಾಕಿ ಓಡಿ ಬಂದ. ಅವ್ವನನ್ನು ನನ್ನ ಬೆನ್ನಿನಿಂದ ಇಳಿಸಿಕೊಂಡ. ನನ್ನ ಬೆನ್ನು ನೆಟ್ಟಗಾಗಲಿಲ್ಲ.

ನಡೆದದ್ದು ಹೇಳಿದೆ. ಅವನ ಮುಖ ಕಲ್ಲಾಯಿತು.

"ಮಗೂನ ಇಳಿಸ್ಕೊಂಬಂದ್ಯಾ?" ಅಂದ ಮೆಲ್ಲಗೆ. "ರೆನ್ಫ್ರೋ ಮಗೂನ? ವೀನಿ, ಇದಕ್ಕೆ ಮರಕ್ಕೆ ನೇತಾಕ್ತಾರೆ ಕಣೆ."

"ಯಾರೂ ಇಟ್ಕೊಳ್ಳಲಿಲ್ಲ. ಯಾರ ಕೈಲಿ ಕೊಡ್ಲಿ?"

"ಕೂತ್ಕೊಂಡಿದ್ರೆ ಆಗ್ತಿತ್ತು."

"ನಿಮ್ಮವ್ವ ಆಗಿದ್ರೆ?"

ಮೇಸ್ತ್ರಿ ಸ್ಟ್ರೌಡ್ ನೆರಳಿನಿಂದ ಕೂಗಿದ, "ಏ ಆಸ್ಬರಿ! ಹೆಂಡ್ತಿ ಹತ್ರ ಸಲ್ಲಾಪ ಸಂಜೆ ಮಾಡು. ಹಾರೆ ಎತ್ತು!"

ಗ್ಯಾಂಗಿನ ತಳ್ಳುಗಾಡಿ ಹಳಿಯ ಮೇಲೆ ನಿಂತಿತ್ತು. ಇಬ್ಬರು ಎರಡು ಕಡೆ ನಿಂತು ಕೈಯಿಂದ ಒತ್ತಿ ಓಡಿಸುವಂಥದ್ದು, ಸಲಿಕೆ ಮೊಳೆ ಸಾಗಿಸಲು. ಆಸ್ಬರಿ ಅವ್ವನನ್ನು ಎತ್ತಿಕೊಂಡು ಹೋಗಿ ಅದರ ಮೇಲೆ ಕೂರಿಸಿದ.

"ಅದು ಕಂಪನಿ ಗಾಡಿ!" ಸ್ಟ್ರೌಡ್ ಎದ್ದು ಬಂದ. "ಕಂಪನಿ ಸಾಮಾನಿಗೆ ಮಾತ್ರ. ಇಳಿಸು!"

"ಈ ಹಳಿ ಹಾಕೋವಾಗ ನನ್ನಣ್ಣ ಸತ್ತ ಸಾಮಿ," ಅಂದ ಆಸ್ಬರಿ. ದನಿ ಎತ್ತಲಿಲ್ಲ. "ಹೆಣ ಸಾಗಿಸೋಕೆ ತಳ್ಳುಗಾಡಿ ಕೇಳಿದ್ವಿ. ಕೊಡಲಿಲ್ಲ. ಈಗ ಕೇಳ್ತಾ ಇಲ್ಲ."

"ಇಳಿಸು ಅಂದೆ!"

ಆಸ್ಬರಿ ಹಿಡಿಕೆಯ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಯಾರೂ ಬರಲಿಲ್ಲ. ಎಲ್ಲರೂ ಹಾರೆ ಹಿಡಿದು ನಿಂತಿದ್ದರು, ನೆಲ ನೋಡುತ್ತ. ಆಮೇಲೆ ಮೋಸ್ ಅನ್ನುವ ಮುದುಕ, ಬೆನ್ನು ಗೂನು, ಕೆಮ್ಮುವವನು, ಹಾರೆ ಕೆಳಗಿಟ್ಟು ಬಂದು ಇನ್ನೊಂದು ತುದಿ ಹಿಡಿದ.

"ನಡೀ ತಮ್ಮ," ಅಂದ. "ನಂಗೆ ಇವ್ರು ಇನ್ನೇನು ಕಿತ್ಕೊಂತಾರೆ?"

ಅಷ್ಟರಲ್ಲಿ ಹಳಿ ಸದ್ದು ಮಾಡಿತು. ಹಾರ್ಲೋ ಕಡೆಯಿಂದ ಗಾಡಿ ಬರುತ್ತಿತ್ತು, ಗಂಟೆ ಹೊಡೆಯುತ್ತ. ಗ್ಯಾಂಗಿನವರೆಲ್ಲ ಈಗ ಓಡಿ ಬಂದರು. ಅವ್ವ ಮೇಲೆ ಕೂತಿದ್ದಂತೆಯೇ ತಳ್ಳುಗಾಡಿಯನ್ನು ಎತ್ತಿ ಪಕ್ಕಕ್ಕಿಟ್ಟರು. ಅವಳು ಎರಡೂ ಕೈಯಲ್ಲಿ ಸಲಿಕೆಯ ಕಾವು ಹಿಡಿದುಕೊಂಡು ಕಣ್ಣು ಮುಚ್ಚಿದ್ದಳು.

ಗಾಡಿ ನಿಂತಿತು. ರೆನ್ಫ್ರೋ ಸಾಹೇಬರು ಇಳಿದರು. ಜೊತೆಗೆ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಪೊಲೀಸಿನವನು. ಜೋಡಿ ಹಳಿಯ ಹತ್ತಿರದ ಫೋನಿನಿಂದ ಪರ್ಡಿ ಆಫೀಸಿಗೆ ಸುದ್ದಿ ಮುಟ್ಟಿಸಿದ್ದ. ಕರಿ ಆಯಾ ಮಗುವನ್ನು ಎತ್ತಿಕೊಂಡು ಕಾಡಿಗೆ ಇಳಿದಳು ಅಂತ.

ಸಾಹೇಬರು ಮೊದಲು ಮಗುವನ್ನು ಮುಟ್ಟಿ ಮುಟ್ಟಿ ನೋಡಿದರು. ಗಾಯ ಇರಲಿಲ್ಲ. ನನ್ನ ಮಂಡಿಯಿಂದ ರಕ್ತ ಪಾದಕ್ಕಿಳಿದಿತ್ತು. ಅದರ ಕಡೆ ಅವರು ನೋಡಲಿಲ್ಲ. ಮಗುವನ್ನು ಬಿಚ್ಚಿಕೊಂಡರು. ಅವನು ಎಚ್ಚೆತ್ತು ಚೀರಿದ. ಅಪ್ಪನ ಗುರುತು ಅವನಿಗೆ ಅಷ್ಟಿರಲಿಲ್ಲ. ಅವರು ಆಫೀಸಿನಿಂದ ಬರುವ ಹೊತ್ತಿಗೆ ಅವನು ದಿನವೂ ಮಲಗಿರುತ್ತಿದ್ದ.

"ಲುವೀನಿಯಾ," ಅಂದರು. ಕೆಟ್ಟ ದನಿಯಲ್ಲ. "ಬಿಸಿಲಿಗೆ ನಿಂಗೆ ತಲೆ ಕೆಟ್ಟಿತ್ತು ಅನ್ಕೋತೀನಿ. ಟೋಪಿ ಹಾಕ್ಕೋ. ಮಗೂನ ಎತ್ಕೋ. ಮುಂದೆ ಬಂದು ಕೂತ್ಕೋ. ಪರ್ಡಿ ಹತ್ರ ಜನರ ಮುಂದೆ ತಪ್ಪಾಯ್ತು ಅನ್ನು. ಆಸ್ಬರಿ ಹಾರೆ ಹಿಡೀಲಿ. ಇಲ್ಲಿಗೆ ಮುಗೀತು."

"ಅವ್ವ ಸಾಮಿ?"

"ನಿಮ್ಮವ್ವ ಮನೆಗೆ ಹೋಗ್ಲಿ. ಈ ರಾದ್ಧಾಂತಕ್ಕೆ ಅವಳೇ ಕಾರಣ."

ಎಲ್ಲರೂ ನನ್ನನ್ನು ನೋಡುತ್ತಿದ್ದರು. ಗ್ಯಾಂಗಿನವರು, ಗಾಡಿಯ ಕಿಟಕಿಗಳಲ್ಲಿ ಬಿಳಿ ಮುಖಗಳು. ಆಸ್ಬರಿ ನನ್ನನ್ನು ನೋಡಲಿಲ್ಲ. ಅವ್ವನ ಪಕ್ಕ ನಿಂತು ಅವಳ ಕಾಲಿನ ಮೇಲೆ ಕೂರುವ ನೊಣ ಓಡಿಸುತ್ತಿದ್ದ. ಅವನು ಏನೂ ಹೇಳಲಿಲ್ಲ. ಹೂಂ ಅನ್ನು ಅಂತಲೂ ಹೇಳಲಿಲ್ಲ. ಆ ಒಂದು ಉಪಕಾರ ಇವತ್ತಿಗೂ ಮರೆತಿಲ್ಲ.

"ಆಗಲ್ಲ ಸಾಮಿ," ಅಂದೆ.

"ಏನು?"

"ಆಗಲ್ಲ. ಕುರ್ಚಿ ಆಗಲ್ಲ."

ಅವರಿಗೆ ಅರ್ಥವಾಗಲಿಲ್ಲ. ಪೊಲೀಸಿನವನಿಗೆ ಅರ್ಥವಾಗುವುದು ಬೇಕಿರಲಿಲ್ಲ. ಬಂದು ನನ್ನ ಕೈಗೆ ಕೋಳ ಹಾಕಿದ. ಮಗು ಕದ್ದ ಆರೋಪ.

ಆಗ ಅವ್ವ ತಳ್ಳುಗಾಡಿಯ ಮೇಲಿನಿಂದ ಕೂಗಿದಳು. "ನನ್ನೂ ಹಿಡೀರಿ!"

"ನೀನೇನ್ ಮಾಡಿದ್ಯೇ ಮುದುಕಿ?"

"ನಾನೂ ಆ ಕೂಸ್ನ ಎತ್ಕೊಂಡಿದ್ದೆ. ಮುಂದ್ಲ ಸೀಟಲ್ಲಿ ಕೂತಿದ್ದೆ. ಟೋಪಿ ಬೇರೆ ಹಾಕಿದ್ದೆ. ಎಲ್ರೂ ನೋಡವ್ರೆ. ಕೇಳಿ ಬೇಕಾದ್ರೆ. ನನ್ ಮಗಳ ಒಬ್ಬಳ್ನೇ ಹೆಂಗೆ ತಗೊಂಡೋಗ್ತೀರಿ?"

ಪೊಲೀಸಿನವನು ರೆನ್ಫ್ರೋ ಕಡೆ ನೋಡಿದ. ರೆನ್ಫ್ರೋ ಚೀರುವ ಮಗುವನ್ನು ಸಂಭಾಳಿಸುತ್ತ, "ಏನಾದ್ರೂ ಮಾಡಿ, ಗಾಡಿ ಇಲ್ಲಿಂದ್ಲೇ ವಾಪಸ್ ಹಾರ್ಲೋಗೆ ಹೋಗ್ಲಿ, ಬೇಗ ಹೊರಡಿ," ಅಂದರು.

ಆಸ್ಬರಿ, ಮೋಸ್ ಸೇರಿ ಅವ್ವನನ್ನು ಗಾಡಿಗೆ ಹತ್ತಿಸಿದರು. ಈ ಗಾಡಿಯ ಕಂಡಕ್ಟರ್ ಬೇರೆಯವನು, ಹಿಂದಿನ ಕೋಣೆಯ ಕಡೆ ಕೈ ತೋರಿಸಿದ.

"ಅಲ್ಲಿ ಹಾಲಿನ ಕ್ಯಾನ್ ಮಧ್ಯೆ ನಾನು ನಿಲ್ಲಬೇಕಾ?" ಅಂದ ಪೊಲೀಸಿನವನು. "ಕೈದಿಗಳು ನನ್ನ ಜೊತೇಲೇ ಕೂರ್ತಾರೆ. ಕಾನೂನಲ್ಲಿ ಹಂಗೇ ಇದೆ. ಬೇಕಾದ್ರೆ ನೋಡ್ಕೋ."

ಕಾನೂನಿನಲ್ಲಿ ಹಾಗೆಯೇ ಇತ್ತಂತೆ. ಬಿಳಿ ಮಗುವಿನ ಜೊತೆ ಕೂರಬಹುದು, ಬಿಳಿ ಪೊಲೀಸಿನ ಜೊತೆ ಕೂರಬಹುದು. ಅವ್ವನ ಜೊತೆ ಕೂರುವುದಕ್ಕೆ ಕೋಳ ಬೇಕಾಯಿತು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಜಡ್ಜು ಕಳ್ಳತನ ಅಲ್ಲ ಅಂದ. ಗಾಡಿಯಲ್ಲಿ ಗಲಾಟೆ ಅಂದ. ತಿಂಗಳು ಜೈಲು. ಅಲ್ಲಿ ಪಹರೆಯವರ ಬಟ್ಟೆ ಒಗೆದೆ. ಅವ್ವನನ್ನು ಕುಂಟಿ ಅಂತ ಬಿಟ್ಟರು. ನಮ್ಮವರ ಡಾಕ್ಟರು ನೋಡುವ ಹೊತ್ತಿಗೆ ತಡವಾಗಿತ್ತು, ಕಾಲಿನ ಹೆಬ್ಬೆರಳು ತೆಗೆದರು. ಆಸ್ಬರಿಯನ್ನೂ ಮೋಸ್‌ನನ್ನೂ ಮಾರನೆಯ ದಿನವೇ ಕೆಲಸದಿಂದ ತೆಗೆದರು. ನಮ್ಮ ಪಾತ್ರೆ, ಹಾಸಿಗೆ ಬೀದಿಗೆ ಬಿದ್ದವು. ಹಾರ್ಲೋದ ನಮ್ಮ ಕೇರಿಯವರು ಆ ಶರತ್ಕಾಲ ಪೂರ್ತಿ ಟ್ರಾಮು ಹತ್ತಲಿಲ್ಲ, ನಡೆದರು. ಅಡಿಗೆಯವರು, ಕೂಲಿಯವರು, ಬಟ್ಟೆ ಗಂಟು ಹೊತ್ತವರು, ಎಲ್ಲ ನಡೆದರು. ಚಳಿ ಬಂತು. ಬೂಟು ಸವೆದವು. ಒಬ್ಬೊಬ್ಬರೇ ಮತ್ತೆ ಹಿಂದಿನ ಬಾಗಿಲಿಂದ ಹತ್ತಿದರು. ಕಾನೂನು ಹಾಗೇ ಇದೆ. ಕಂಪನಿ ಇನ್ನೂ ದೊಡ್ಡದಾಗಿದೆ. ನಾವು ಈಗ ಪ್ರೂಯಿಟ್‌ನಲ್ಲಿ ಅವ್ವನ ಗುಡಿಸಲಲ್ಲೇ ಇದ್ದೇವೆ. ಗಾಡಿ ಹೋದಾಗೆಲ್ಲ ಒಗೆದು ಹರವಿದ ಬಟ್ಟೆಯ ಮೇಲೆ ದೂಳು ಬೀಳುತ್ತದೆ. ಮತ್ತೆ ಒಗೆಯುತ್ತೇವೆ.

ಆದರೆ ನಾನು ಹೇಳಬೇಕು ಅಂದುಕೊಂಡದ್ದು ಅದಲ್ಲ. ಆ ದಿನ ಹಾರ್ಲೋ ತನಕ ಹೋದ ದಾರಿಯ ವಿಷಯ.

ಅವ್ವ ಕಿಟಕಿ ಪಕ್ಕ ಕೂತಳು. ನಾನು ಅವಳ ಪಕ್ಕ. ಆಚೆ ತುದಿಗೆ ಪೊಲೀಸಿನವನು. ಒಂದು ಸೀಟು ಬಿಟ್ಟು ಮುಂದೆ ರೆನ್ಫ್ರೋ, ವೆಂಡಲ್‌ನನ್ನು ಹಿಡಿದುಕೊಂಡು. ಅವನು ಸೀಟಿನ ಮೇಲಿಂದ ನನ್ನ ಕಡೆ ಕೈ ಚಾಚಿ ಚಾಚಿ ಅಳುತ್ತಿದ್ದ. ಸಾಹೇಬರ ಕಾಲರು ಹರಿದಿತ್ತು. ಕೊನೆಗೆ ಅವರು ತಿರುಗಿದರು.

"ಸ್ವಲ್ಪ ಹೊತ್ತು ಇವನ್ನ ಹಿಡ್ಕೋ," ಅಂದರು.

ಕೈ ಎತ್ತಿ ತೋರಿಸಿದೆ. "ಕೋಳ ಇದೆ ಸಾಮಿ."

ಅವರು ಪೊಲೀಸಿನವನ ಕಡೆ ನೋಡಿದರು. ಅವನು ತಲೆಯಾಡಿಸಿದ. "ದಾರೀಲಿ ಬಿಚ್ಚಂಗಿಲ್ಲ ಸಾರ್." ಮಗು ಅಳುತ್ತಲೇ ಇತ್ತು. ಅದರ ತಪ್ಪೇನೂ ಇರಲಿಲ್ಲ. ನನ್ನ ತೋಳು ತಾನಾಗಿ ಎದ್ದೇಳುತ್ತಿತ್ತು, ಕಬ್ಬಿಣ ಹಿಡಿದು ಎಳೆಯುತ್ತಿತ್ತು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

ಆಗ ನೋಡಿದೆ. ಅವ್ವ ಎರಡೂ ಕೈಯಿಂದ ಸುಟ್ಟ ಕಾಲನ್ನು ಮೆಲ್ಲಗೆ ಎತ್ತಿದಳು. ನಮ್ಮ ಎದುರಿನ ಸೀಟಿನ ಒರಗುಹಲಗೆ ಆಚೆಗೆ ಮಗುಚಿ ಸೀಟು ನಮ್ಮ ಕಡೆ ಮುಖ ಮಾಡಿತ್ತು, ಖಾಲಿ ಇತ್ತು. ಹೊಸ ಬೆತ್ತ, ಹೊಳೆಯುವ ಮೆರುಗೆಣ್ಣೆ. ಕಾಲನ್ನು ಅದರ ಮೇಲೆ ಇಟ್ಟಳು. ಇಟ್ಟು ಹಿಂದಕ್ಕೆ ಒರಗಿದಳು. ಉಸಿರು ಬಿಟ್ಟಳು.

ಕಂಡಕ್ಟರ್ ಓಡಿ ಬಂದ. "ಏ ಮುದುಕಿ! ಕಾಲು ತೆಗಿ!"

ಅವ್ವ ಕಣ್ಣು ತೆರೆಯಲಿಲ್ಲ. "ನಾನು ಕೈದಿ ಕಣಪ್ಪ," ಅಂದಳು. "ನನ್ ಮೈಯೆಲ್ಲ ಸರ್ಕಾರದ ವಶದಾಗೈತೆ. ಕಾಲೂ ಅವರದ್ದೇಯ. ನೀನೇ ಇಳಿಸು."

ಕಂಡಕ್ಟರ್ ಬಗ್ಗಿದ. ಕೈ ಚಾಚಿದ. ಚಿಂದಿಯಿಂದ ಹಳದಿ ನೀರು ಬೆತ್ತದೊಳಕ್ಕೆ ಇಳಿಯುತ್ತಿತ್ತು. ಅವನ ಕೈ ಅಲ್ಲೇ ನಿಂತಿತು. ಪೊಲೀಸಿನವನ ಕಡೆ ನೋಡಿದ. ಪೊಲೀಸಿನವನು ಮೂಗು ಮುಚ್ಚಿಕೊಂಡು ಆಚೆ ತಿರುಗಿದ. ರೆನ್ಫ್ರೋ ಕಡೆ ನೋಡಿದ. ಅವರ ಕೈ ತುಂಬಿತ್ತು.

ಯಾರೂ ಮುಟ್ಟಲಿಲ್ಲ. ಗಾಡಿ ಹಾರ್ಲೋ ಸೇರಿತು, ದೊಡ್ಡ ಬೀದಿಗೆ ತಿರುಗಿತು. ಎರಡೂ ಬದಿಯ ಅಂಗಡಿಯವರು ಕಿಟಕಿಯೊಳಗೆ ನೋಡಿ ನಿಂತರು. ನಮ್ಮವರು ಬುಟ್ಟಿ ಇಳಿಸಿ ನಿಂತರು. ಅವ್ವ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು. ಅವಳ ಕಾಲು ಅಲ್ಲೇ ಇತ್ತು.